ಯುವನಿಧಿ ಮತ್ತು ಇಎಸ್‌ಐ ನಿರುದ್ಯೋಗ ಪರಿಹಾರ: ಹಣ ನಿಂತಾಗ ಉತ್ತರ ಕೊಡುವವರು ಯಾರು?

ಓದು ಮುಗಿಸಿಯೂ ಕೆಲಸ ಸಿಗದವರಿಗೆ, ಇದ್ದ ಕೆಲಸ ಕಳೆದುಕೊಂಡವರಿಗೆ ಸರ್ಕಾರದ ಕಡೆಯಿಂದ ನೇರವಾಗಿ ಬ್ಯಾಂಕ್ ಖಾತೆಗೆ ಹಣ ಬರುವ ಸೇವೆಗಳು ಬೆಂಗಳೂರಿನವರ ಪಾಲಿಗೆ ಮುಖ್ಯವಾಗಿ ಎರಡು. ಒಂದು, ರಾಜ್ಯ ಸರ್ಕಾರದ ಯುವನಿಧಿ. ಇನ್ನೊಂದು, ನಾವೆಲ್ಲ ಇಎಸ್‌ಐ ಎಂದು ಕರೆಯುವ ಕಾರ್ಮಿಕರ ರಾಜ್ಯ ವಿಮಾ ನಿಗಮ ನಡೆಸುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಮೊದಲನೆಯದರ ಹೆಸರು ಮನೆಮನೆಗೂ ಗೊತ್ತು. ಎರಡನೆಯದರ ಹೆಸರನ್ನು, ಪ್ರತಿ ತಿಂಗಳೂ ಸಂಬಳದಲ್ಲಿ ಇಎಸ್‌ಐ ವಂತಿಗೆ ಕಡಿತವಾಗುತ್ತಿರುವ ನನ್ನ ಪರಿಚಯದ ಕಾರ್ಮಿಕರಲ್ಲಿ ಹೆಚ್ಚಿನವರು ಕೇಳಿಯೇ ಇರಲಿಲ್ಲ.

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಬಡಾವಣೆಯಲ್ಲಿ ನಾನು ವಾಸವಾಗಿದ್ದೇನೆ. ಅರ್ಜಿ ತುಂಬಿಕೊಡುವುದು, ಮೊಬೈಲಿಗೆ ಬಂದ ಸಂದೇಶವನ್ನು ಓದಿ ಹೇಳುವುದು, ಅಗತ್ಯ ಬಿದ್ದಾಗ ಕಚೇರಿಗೆ ಜೊತೆಯಲ್ಲಿ ಹೋಗುವುದು, ಇವನ್ನು ನೆರೆಹೊರೆಯವರಿಗಾಗಿ ಬಹಳ ಕಾಲದಿಂದ ಮಾಡಿಕೊಂಡು ಬಂದಿದ್ದೇನೆ. ಈ ಬರಹ ಆ ಅನುಭವದ ಜೊತೆಗೆ ಎರಡೂ ಯೋಜನೆಗಳ ನಿಯಮಗಳನ್ನು ಇಟ್ಟುಕೊಂಡು ಮಾಡಿದ ಸೇವಾ ವಿಮರ್ಶೆ. ಒಂದು ಹೋಟೆಲಿನ ತಿಂಡಿ ಚೆನ್ನಾಗಿಲ್ಲದಿದ್ದರೆ ಬೇರೆ ಹೋಟೆಲಿಗೆ ಹೋಗಬಹುದು. ನಿರುದ್ಯೋಗ ಭತ್ಯೆಗೆ ಬೇರೆ ಕಿಟಕಿ ಇಲ್ಲ. ಆದ್ದರಿಂದಲೇ ಇಂಥ ಸೇವೆಗಳನ್ನು ಹೆಚ್ಚು ಎಚ್ಚರದಿಂದ ವಿಮರ್ಶಿಸಬೇಕು ಎಂಬುದು ನನ್ನ ನಂಬಿಕೆ.

ಅಳೆಯಲು ನಾನು ಬಳಸಿದ ಅಳತೆಗೋಲು ಒಂದೇ. ಅರ್ಜಿ ಮಂಜೂರಾಗಿ ಹಣ ಬಂದಾಗ ಯಾವ ಸೇವೆಯ ಬಗ್ಗೆಯೂ ದೂರಿರುವುದಿಲ್ಲ. ಅರ್ಜಿ ತಿರಸ್ಕೃತವಾದಾಗ, ಅಥವಾ ಬರುತ್ತಿದ್ದ ಹಣ ನಿಂತಾಗ, ಅದನ್ನು ನಿಲ್ಲಿಸಿದ ಅಧಿಕಾರಿ ಯಾರು, ಯಾವ ನಿಯಮದ ಪ್ರಕಾರ ನಿಲ್ಲಿಸಿದರು, ಅದನ್ನು ಪ್ರಶ್ನಿಸಿ ಯಾರ ಮುಂದೆ, ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬೇಕು ಎಂಬ ಮೂರು ಸಂಗತಿಗಳು ಅರ್ಜಿದಾರನ ಕೈಗೆ ಲಿಖಿತವಾಗಿ ಬರುತ್ತವೆಯೇ? ಬಂದರೆ ಅದು ಉತ್ತರದಾಯಿತ್ವವುಳ್ಳ ಸೇವೆ. ಬಾರದಿದ್ದರೆ, ಯೋಜನೆಯ ಮೊತ್ತ ಎಷ್ಟೇ ದೊಡ್ಡದಿರಲಿ, ಅದು ಅಧಿಕಾರದಲ್ಲಿರುವವರ ಮರ್ಜಿಯ ಮೇಲೆ ನಿಂತ ಸೇವೆ.

ಯುವನಿಧಿಯಿಂದ ಆರಂಭಿಸುತ್ತೇನೆ. ಐದು ಗ್ಯಾರಂಟಿಗಳಲ್ಲಿ ಕೊನೆಗೆ ಜಾರಿಯಾದ ಇದರ ನೋಂದಣಿ 2023ರ ಡಿಸೆಂಬರ್ 26ರಂದು ಶುರುವಾಯಿತು. 2024ರ ಜನವರಿ 12ರಂದು, ವಿವೇಕಾನಂದರ ಜಯಂತಿಯ ದಿನ, ಶಿವಮೊಗ್ಗದಲ್ಲಿ ಹಣ ವರ್ಗಾವಣೆಗೆ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಮೊದಲ ಹಂತದಲ್ಲಿ 2022-23ನೇ ಸಾಲಿನಲ್ಲಿ ತೇರ್ಗಡೆಯಾಗಿ, 180 ದಿನ ಕಳೆದರೂ ಉದ್ಯೋಗ ಸಿಗದವರನ್ನು ಅರ್ಹರೆಂದು ಪರಿಗಣಿಸಲಾಯಿತು. ಪೂರ್ಣಾವಧಿಗೆ ಲೆಕ್ಕ ಹಾಕಿದರೆ ಒಬ್ಬ ಪದವೀಧರನಿಗೆ ಒಟ್ಟು 72,000 ರೂಪಾಯಿ, ಡಿಪ್ಲೊಮಾದವನಿಗೆ 36,000 ರೂಪಾಯಿ ಆಗುತ್ತದೆ.

ಬೆಂಗಳೂರಿನಲ್ಲಿ ತಿಂಗಳಿಗೆ 3,000 ರೂಪಾಯಿಯಲ್ಲಿ ಜೀವನ ನಡೆಯುವುದಿಲ್ಲ, ಪಿ.ಜಿ.ಯಲ್ಲಿ ಹಂಚಿಕೊಂಡ ಕೋಣೆಯ ಬಾಡಿಗೆಗೂ ಅದು ಸಾಲದು. ಆದರೆ ಅದನ್ನು ಜೀವನಾಧಾರವೆಂದು ನೋಡದೆ ಕೆಲಸ ಹುಡುಕುವ ಖರ್ಚೆಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಅರ್ಜಿ ಶುಲ್ಕ, ಸಂದರ್ಶನಕ್ಕೆ ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗಿಬರುವ ಖರ್ಚು, ಟ್ಯಾಲಿ ಅಥವಾ ಕಂಪ್ಯೂಟರ್ ಕೋರ್ಸಿನ ಕಂತು, ಇವುಗಳಿಗಾಗಿ ಮನೆಯಲ್ಲಿ ಅಪ್ಪನ ಮುಂದೆ ಕೈಚಾಚದಿರುವುದು ಇಪ್ಪತ್ತೆರಡರ ವಯಸ್ಸಿನವರಿಗೆ ಸಣ್ಣ ಸಂಗತಿಯಲ್ಲ. ಈ ಹಣದಿಂದ ಯುವಕರು ಸೋಮಾರಿಗಳಾಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಬೀದಿಯಲ್ಲಿ ಇದನ್ನು ಪಡೆದವರು ಒಬ್ಬರೂ ಕೆಲಸ ಹುಡುಕುವುದನ್ನು ಬಿಡಲಿಲ್ಲ.

ಅರ್ಜಿ ಸಲ್ಲಿಸುವ ಹಂತದಲ್ಲಿ ಸೇವೆ ಚೆನ್ನಾಗಿದೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಕನ್ನಡದಲ್ಲೇ ಎಲ್ಲವನ್ನೂ ತುಂಬಬಹುದು, ಶುಲ್ಕವಿಲ್ಲ, ಕಂಪ್ಯೂಟರ್ ಬಾರದವರು ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಬಹುದು. ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಅಲೆಯಬೇಕಿಲ್ಲ, ಏಕೆಂದರೆ ಪದವಿಯ ವಿವರವನ್ನು, ಅಂಕಪಟ್ಟಿಗಳನ್ನು ಆನ್‌ಲೈನ್‌ನಲ್ಲಿ ಕಾದಿಡುವ ರಾಷ್ಟ್ರೀಯ ಶೈಕ್ಷಣಿಕ ಡಿಪಾಸಿಟರಿಯಿಂದ ನೇರವಾಗಿ ತಾಳೆ ನೋಡಲಾಗುತ್ತದೆ. ಮಧ್ಯವರ್ತಿಯ ಜಾಗವನ್ನೇ ಇಲ್ಲವಾಗಿಸಿದ ಈ ವಿನ್ಯಾಸಕ್ಕೆ ಮೆಚ್ಚುಗೆ ಸಲ್ಲಲೇಬೇಕು.

ತೊಡಕು ಇರುವುದೂ ಆ ತಾಳೆ ನೋಡುವ ಜಾಗದಲ್ಲೇ. ಅಂಕಪಟ್ಟಿಯನ್ನು ಡಿಪಾಸಿಟರಿಗೆ ಏರಿಸಬೇಕಾದುದು ಶಿಕ್ಷಣ ಸಂಸ್ಥೆಯ ಕೆಲಸ. ಏರಿಸದಿದ್ದರೆ ನಷ್ಟವಾಗುವುದು ವಿದ್ಯಾರ್ಥಿಗೆ. ನಮ್ಮ ಪಕ್ಕದ ಮನೆಯ ಹುಡುಗಿ ಬಿ.ಕಾಂ. ಮುಗಿಸಿ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರೂ ಅವಳ ದಾಖಲೆ ಡಿಪಾಸಿಟರಿಯಲ್ಲಿ ಸಿಗಲಿಲ್ಲ. ಕಾಲೇಜಿನವರು ವಿಶ್ವವಿದ್ಯಾಲಯದ ಕಡೆಗೆ, ವಿಶ್ವವಿದ್ಯಾಲಯದವರು ಕಾಲೇಜಿನ ಕಡೆಗೆ ಕೈ ತೋರಿಸಿದರು. ಕೊನೆಗೆ ದಾಖಲೆ ಸೇರಿತು, ಆದರೆ ಆ ನಡುವೆ ಕಳೆದುಹೋದ ತಿಂಗಳುಗಳ ಹೊಣೆಯನ್ನು ಇಬ್ಬರೂ ಹೊರಲಿಲ್ಲ. ಸರ್ಕಾರವು ಮೂರನೆಯವರ ದಾಖಲೆಯನ್ನು ಅರ್ಹತೆಯ ಆಧಾರವಾಗಿ ಮಾಡಿಕೊಂಡಾಗ, ಆ ಮೂರನೆಯವರಿಗೂ ಒಂದು ಗಡುವು ವಿಧಿಸಬೇಕು; ಗಡುವು ಮೀರಿದರೆ ಅರ್ಜಿದಾರನ ಮೂಲ ಅಂಕಪಟ್ಟಿಯನ್ನೇ ಒಪ್ಪಿಕೊಂಡು ಹಿಂದಿನ ತಿಂಗಳುಗಳ ಹಣವನ್ನೂ ಕೊಡಬೇಕು. ತಪ್ಪು ಯಾರದೋ ಅವರ ಮೇಲೆ ಹೊರೆ ಬೀಳಬೇಕೆಂಬುದು ಆಡಳಿತದ ಮೊದಲ ಪಾಠ.

ಎರಡನೆಯ ತೊಡಕು ಸ್ವಯಂ ಘೋಷಣೆ. ತಾನು ಇನ್ನೂ ನಿರುದ್ಯೋಗಿ, ಉನ್ನತ ವ್ಯಾಸಂಗಕ್ಕೆ ಸೇರಿಲ್ಲ, ಕರ್ನಾಟಕದಲ್ಲೇ ವಾಸವಾಗಿದ್ದೇನೆ ಎಂದು ಫಲಾನುಭವಿಯು ಪೋರ್ಟಲ್‌ನಲ್ಲಿ ಘೋಷಿಸಬೇಕು. ಆರಂಭದಲ್ಲಿ ಇದನ್ನು ಪ್ರತಿ ತಿಂಗಳು 25ನೇ ತಾರೀಖಿನೊಳಗೆ ಮಾಡಬೇಕೆಂಬ ನಿಯಮವಿತ್ತು. ಸಾರ್ವಜನಿಕ ಹಣ ಕೊಡುವಾಗ ಪರಿಶೀಲನೆ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಘೋಷಣೆಯ ಒಕ್ಕಣೆ ಬೆಂಗಳೂರಿನ ಬದುಕಿಗೆ ಹೊಂದುವುದಿಲ್ಲ. ಹಗಲಿಡೀ ಓದಿ, ಸಂಜೆ ಎರಡು ಗಂಟೆ ಪಾರ್ಸೆಲ್ ತಲುಪಿಸುವ ಪದವೀಧರ ಉದ್ಯೋಗಿಯೋ ನಿರುದ್ಯೋಗಿಯೋ? ಮದುವೆಯ ಸೀಜನ್‌ನಲ್ಲಿ ಮಾತ್ರ ಕ್ಯಾಟರಿಂಗ್‌ಗೆ ಬಡಿಸಲು ಹೋಗುವವನು? ಅಕ್ಕಪಕ್ಕದ ಮಕ್ಕಳಿಗೆ ಟ್ಯೂಷನ್ ಹೇಳುವವಳು? ತಪ್ಪು ಘೋಷಣೆಗೆ ಕ್ರಮ ಜರುಗಿಸುವ ಎಚ್ಚರಿಕೆ ತಲೆಯ ಮೇಲಿರುವಾಗ, ಪ್ರಾಮಾಣಿಕನಾದವನು ಹೆದರಿ ಹಣವನ್ನೇ ಬಿಡುತ್ತಾನೆ. ಇಷ್ಟು ಗಂಟೆ, ಇಷ್ಟು ಆದಾಯದವರೆಗೆ ಪರವಾಗಿಲ್ಲ ಎಂಬ ಸ್ಪಷ್ಟ ಮಿತಿಯನ್ನು ಉದಾಹರಣೆಗಳ ಸಮೇತ ಪ್ರಕಟಿಸಿದರೆ ಅರ್ಜಿದಾರನಿಗೂ ನೆಮ್ಮದಿ, ಪರಿಶೀಲಿಸುವ ಅಧಿಕಾರಿಗೂ ಅನುಕೂಲ.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ಘೋಷಣೆ ಒಂದೇ ಕಡೆಯಿಂದ ಆಗಬಾರದು. ನಿರುದ್ಯೋಗಿ ತನ್ನ ಸ್ಥಿತಿಯನ್ನು ಸರ್ಕಾರಕ್ಕೆ ನಿಗದಿತ ದಿನದೊಳಗೆ ತಿಳಿಸಬೇಕಾದರೆ, ಸರ್ಕಾರವೂ ತನ್ನ ಸ್ಥಿತಿಯನ್ನು ನಿಗದಿತ ದಿನದೊಳಗೆ ಅವನಿಗೆ ತಿಳಿಸಬೇಕು. ಯಾವ ತಿಂಗಳಿನ ಹಣ ಯಾವ ಜಿಲ್ಲೆಗೆ ಬಿಡುಗಡೆಯಾಯಿತು, ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕೃತವಾದವು, ಯಾವ ಯಾವ ಕಾರಣಕ್ಕೆ ತಿರಸ್ಕೃತವಾದವು ಎಂಬ ಪಟ್ಟಿ ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತಿರಬೇಕು. ಇದು ಏಕೆ ಬೇಕೆಂಬುದಕ್ಕೆ ಗೃಹಲಕ್ಷ್ಮಿಯ ಪ್ರಕರಣವನ್ನು ನೆನೆಯಬೇಕು. 2025ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಕಂತು ಫಲಾನುಭವಿಗಳಿಗೆ ತಲುಪಿಲ್ಲವೆಂಬ ಸಂಗತಿ ಆ ವರ್ಷದ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ವಿರೋಧ ಪಕ್ಷದವರು ಪಟ್ಟು ಹಿಡಿದ ಮೇಲೆ ಸದನದಲ್ಲಿ ಇತ್ಯರ್ಥವಾಯಿತು, ಸಚಿವರು ವಿಷಾದ ವ್ಯಕ್ತಪಡಿಸಿದರು. ಶಾಸಕರು ಪ್ರಶ್ನಿಸಿದ್ದು ಒಳ್ಳೆಯದೇ ಆಯಿತು. ಆದರೆ ತನ್ನ ಖಾತೆಗೆ ಬರಬೇಕಾದ ಹಣದ ಸ್ಥಿತಿ ತಿಳಿಯಲು ಒಬ್ಬ ಮಹಿಳೆ ವಿಧಾನಮಂಡಲದ ಅಧಿವೇಶನಕ್ಕೆ ಕಾಯಬೇಕಾಗಿ ಬರಬಾರದು. ಯುವನಿಧಿಯ ವಿಷಯಕ್ಕೂ ಈ ಮಾತು ಅನ್ವಯಿಸುತ್ತದೆ.

ಯುವನಿಧಿಯಲ್ಲಿ ಇನ್ನೂ ಒಂದು ಲೆಕ್ಕ ಬರಬೇಕಾಗಿದೆ. ಮೊದಲ ತಂಡದವರಿಗೂ ಹಣ ಸಿಗುವುದು ಎರಡು ವರ್ಷ ಮಾತ್ರ. ಅವರಲ್ಲಿ ಎಷ್ಟು ಮಂದಿ ಕೆಲಸ ಸಿಕ್ಕಿ ಭತ್ಯೆಯನ್ನು ಬಿಟ್ಟರು, ಎಷ್ಟು ಮಂದಿ ಘೋಷಣೆ ಸಲ್ಲಿಸದೆ ಹೊರಬಿದ್ದರು, ಎಷ್ಟು ಮಂದಿ ಎರಡು ವರ್ಷ ಪೂರ್ತಿ ಪಡೆದೂ ನಿರುದ್ಯೋಗಿಗಳಾಗಿಯೇ ಉಳಿದರು? ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ ಈ ಯೋಜನೆಯನ್ನು ನಡೆಸುತ್ತಿರುವುದರಿಂದ ಈ ಮೂರು ಅಂಕಿಗಳು ಅದರ ಕೆಲಸದ ನಿಜವಾದ ಅಂಕಪಟ್ಟಿ. ಖರ್ಚಾದ ಕೋಟಿಗಳ ಲೆಕ್ಕ ಇವುಗಳ ಬದಲಿಗೆ ನಿಲ್ಲಲಾರದು.

ಈಗ ಇಎಸ್‌ಐ ಯೋಜನೆಗೆ ಬರುತ್ತೇನೆ. ಇದರ ಬಗ್ಗೆ ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವ ಕಾರ್ಮಿಕರ ಸಂಬಳದಲ್ಲಿ ಶೇಕಡಾ 0.75 ಭಾಗವನ್ನು ಇಎಸ್‌ಐಗೆ ಹಿಡಿಯಲಾಗುತ್ತದೆ, ಮಾಲೀಕರು ಶೇಕಡಾ 3.25 ಭಾಗ ಸೇರಿಸುತ್ತಾರೆ. ಈ ವಂತಿಗೆಯ ಬಲದ ಮೇಲೆ ನಡೆಯುವ ಅಟಲ್ ಬೀಮಿತ್ ಯೋಜನೆ 2018ರ ಜುಲೈ 1ರಂದು ಜಾರಿಗೆ ಬಂತು. ಕೆಲಸ ಹೋದರೆ ಸರಾಸರಿ ದಿನಗೂಲಿಯ ಶೇಕಡಾ 25ರಷ್ಟನ್ನು, ಜೀವಮಾನದಲ್ಲಿ ಒಟ್ಟು 90 ದಿನಗಳವರೆಗೆ ಕೊಡುವುದು ಮೂಲ ನಿಯಮವಾಗಿತ್ತು. ಕೆಲಸ ಹೋಗಿ 90 ದಿನ ಕಳೆದ ಮೇಲೆ ಹಣಕ್ಕೆ ಅರ್ಹತೆ ಬರುತ್ತಿತ್ತು. ಅರ್ಜಿ ಕೆಲಸದಿಂದ ತೆಗೆದ ಮಾಲೀಕನ ಮೂಲಕವೇ ಹೋಗಬೇಕಿತ್ತು.

ಈ ನಿಯಮಗಳನ್ನು ಗಾರ್ಮೆಂಟ್ಸ್ ಕಾರ್ಖಾನೆಯ ಒಬ್ಬ ಟೈಲರ್ ಹೆಣ್ಣುಮಗಳ ಸ್ಥಾನದಲ್ಲಿ ನಿಂತು ನೋಡಿದರೆ ಅವುಗಳ ಭಾರ ತಿಳಿಯುತ್ತದೆ. ಮೂರು ತಿಂಗಳು ಬರಿಗೈಯಲ್ಲಿ ಕಾಯುವಷ್ಟರಲ್ಲಿ ಬಾಡಿಗೆ ಬಾಕಿ ಬಿದ್ದಿರುತ್ತದೆ, ಚೀಟಿಯ ಕಂತು ತಪ್ಪಿರುತ್ತದೆ, ಮೈಕ್ರೋ ಫೈನಾನ್ಸ್‌ನವರು ಬಾಗಿಲಿಗೆ ಬಂದಿರುತ್ತಾರೆ. ಕೆಲಸದಿಂದ ತೆಗೆದವರೇ ಅರ್ಜಿಯನ್ನು ಮುಂದಕ್ಕೆ ಕಳಿಸಬೇಕೆಂದರೆ ಆಕೆ ಮತ್ತೆ ಅದೇ ಗೇಟಿನ ಮುಂದೆ ನಿಂತು ಸೆಕ್ಯುರಿಟಿಯವರನ್ನು ಬೇಡಬೇಕು.

2020ರಲ್ಲಿ ಕೊರೊನಾ ಬಂದಾಗ ಈ ನಿಯಮಗಳು ಬದಲಾದವು. ಆ ವರ್ಷದ ಮಾರ್ಚ್ 24ರಿಂದ ಡಿಸೆಂಬರ್ 31ರ ನಡುವೆ ಕೆಲಸ ಕಳೆದುಕೊಂಡವರಿಗೆ ಪರಿಹಾರವನ್ನು ಶೇಕಡಾ 50ಕ್ಕೆ ಏರಿಸಲಾಯಿತು. ಕಾಯುವ ಅವಧಿ 90 ದಿನದಿಂದ 30 ದಿನಕ್ಕೆ ಇಳಿಯಿತು. ಮಾಲೀಕನ ಮೂಲಕ ಹೋಗುವ ಅಗತ್ಯವಿಲ್ಲದೆ ಕಾರ್ಮಿಕನೇ ಶಾಖಾ ಕಚೇರಿಗೆ ನೇರವಾಗಿ ಅರ್ಜಿ ಕೊಡಬಹುದೆಂದಾಯಿತು. ಅದೇ ನವೆಂಬರ್‌ನಲ್ಲಿ, ಅಫಿಡವಿಟ್ ಕೊಡಬೇಕೆಂಬ ಷರತ್ತಿನಿಂದ ಅರ್ಜಿದಾರರಿಗೆ ತೊಂದರೆಯಾಗುತ್ತಿದೆ ಎಂದು ಒಪ್ಪಿಕೊಂಡು ಅದನ್ನೂ ಕೈಬಿಡಲಾಯಿತು. ಸಡಿಲಗೊಂಡ ಈ ನಿಯಮಗಳು ಆಮೇಲೂ ಅವಧಿ ವಿಸ್ತರಣೆಯಾಗುತ್ತ ಮುಂದುವರಿದವು. ದಿನದ ಸರಾಸರಿ ಗಳಿಕೆ 500 ರೂಪಾಯಿ ಇದ್ದವಳಿಗೆ ಹಳೆಯ ನಿಯಮದಂತೆ 90 ದಿನಕ್ಕೆ 11,250 ರೂಪಾಯಿ ಸಿಗುತ್ತಿದ್ದರೆ, ಹೊಸ ನಿಯಮದಂತೆ 22,500 ರೂಪಾಯಿ ಸಿಗುತ್ತದೆ.

ಈ ಬದಲಾವಣೆಯಿಂದ ನನಗೆ ಕಂಡ ಮುಖ್ಯ ಸಂಗತಿ ಇದು: ಅಡಚಣೆಗಳಲ್ಲಿ ಯಾವುದೂ ಕಾನೂನಿನ ಅನಿವಾರ್ಯತೆಯಾಗಿರಲಿಲ್ಲ, ಆಡಳಿತದ ಆಯ್ಕೆಯಾಗಿತ್ತು. ಮನಸ್ಸು ಮಾಡಿದಾಗ ಕೆಲವೇ ತಿಂಗಳುಗಳಲ್ಲಿ ಅವನ್ನು ತೆಗೆಯಲು ಸಾಧ್ಯವಾಯಿತು. ಹಾಗಿದ್ದರೆ 2018ರಿಂದ 2020ರವರೆಗೆ ಆ ಅಡಚಣೆಗಳ ಕಾರಣದಿಂದ ಅರ್ಜಿಯನ್ನೇ ಹಾಕದೆ ಉಳಿದವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಅರ್ಜಿ ಹಾಕಿದವರ ಲೆಕ್ಕ ಕಚೇರಿಯಲ್ಲಿರುತ್ತದೆ. ಅರ್ಹರಾಗಿದ್ದೂ ಹಾಕದವರ ಲೆಕ್ಕ ಎಲ್ಲಿಯೂ ಇರುವುದಿಲ್ಲ. ಆದರೆ ವಿಮಾ ನಿಗಮದ ಬಳಿ ಯಾರ ವಂತಿಗೆ ಯಾವ ತಿಂಗಳು ನಿಂತಿತು ಎಂಬ ದಾಖಲೆ ಇದ್ದೇ ಇದೆ. ವಂತಿಗೆ ನಿಂತ ಮರುತಿಂಗಳೇ ಆ ಕಾರ್ಮಿಕರ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಹೋಗಬೇಕು: ನೀವು ಕೆಲಸ ಕಳೆದುಕೊಂಡಿದ್ದರೆ ಈ ಪರಿಹಾರಕ್ಕೆ ಅರ್ಹರಿರಬಹುದು, ಅರ್ಜಿ ಹೀಗೆ ಹಾಕಿ ಎಂದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ಉಳಿದುಕೊಂಡಿರುವ ದೊಡ್ಡ ತೊಡಕು ಕೆಲಸ ಬಿಟ್ಟ ಕಾರಣದ್ದು. ದುರ್ನಡತೆಯ ಶಿಕ್ಷೆಯಾಗಿ ಕೆಲಸ ಹೋದವರಿಗೆ, ವಯೋನಿವೃತ್ತರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಈ ಪರಿಹಾರವಿಲ್ಲ. ನ್ಯಾಯವೇ. ಆದರೆ ಕಾರ್ಮಿಕರು ಕೆಲಸ ಬಿಟ್ಟ ಕಾರಣವನ್ನು ಪೋರ್ಟಲ್‌ನಲ್ಲಿ ದಾಖಲಿಸುವುದು ಮಾಲೀಕರು. ತಿಂಗಳ ವಂತಿಗೆಯ ಪಟ್ಟಿಯಲ್ಲಿ ಒಬ್ಬರ ಹೆಸರಿನ ಮುಂದೆ ಸೊನ್ನೆ ದಿನ ಬಂದಾಗ ಕಾರಣಗಳ ಪಟ್ಟಿಯಿಂದ ಒಂದನ್ನು ಆರಿಸಬೇಕಾಗುತ್ತದೆ. ತಾವಾಗಿ ಕೆಲಸ ಬಿಟ್ಟರು ಎಂಬರ್ಥದ ಆಯ್ಕೆಯೂ ಅಲ್ಲಿದೆ, ಹೆಚ್ಚುವರಿ ಸಿಬ್ಬಂದಿಯೆಂದು ತೆಗೆಯಲಾಯಿತು ಎಂಬುದೂ ಇದೆ, ಕೆಲಸವಿರಲಿಲ್ಲ ಎಂಬುದೂ ಇದೆ. ಮೊದಲನೆಯದನ್ನು ಒತ್ತುವುದು ಮಾಲೀಕನಿಗೆ ಸುಲಭ, ಯಾವ ಪ್ರಶ್ನೆಯೂ ಬರುವುದಿಲ್ಲ. ಕಾರ್ಮಿಕಳ ಅರ್ಜಿಗೆ ಮಾತ್ರ ಅದೇ ಮುಳುವಾಗಬಹುದು.

ನಮ್ಮ ಬಡಾವಣೆಯ ಕೆಲವು ಹೆಣ್ಣುಮಕ್ಕಳು ದುಡಿಯುತ್ತಿದ್ದ ಒಂದು ಗಾರ್ಮೆಂಟ್ಸ್ ಘಟಕವನ್ನು ಮಾಲೀಕರು ನಗರದಿಂದ ದೂರದ ಊರಿಗೆ ಸಾಗಿಸಿದರು. ಅಲ್ಲಿಗೆ ಬರಲಾಗದವರಿಂದ ರಾಜೀನಾಮೆ ಬರೆಸಿಕೊಂಡು ಲೆಕ್ಕ ಚುಕ್ತಾ ಮಾಡಿದರು. ಮಕ್ಕಳ ಶಾಲೆ, ಗಂಡನ ಕೆಲಸ, ಬಾಡಿಗೆಯ ಮುಂಗಡ ಎಲ್ಲ ಇಲ್ಲಿರುವಾಗ ಅವರು ಹೋಗುವುದು ಹೇಗೆ? "ಅಣ್ಣ, ನಾವಾಗಿ ನಾವೇ ಬಿಟ್ವಿ ಅಂತ ಬರೆಸ್ಕೊಂಡ್ರು, ಸೈನ್ ಹಾಕಿದ್ರೇನೇ ಸೆಟ್ಲ್‌ಮೆಂಟು ಅಂದ್ರು" ಎಂದು ಅವರಲ್ಲೊಬ್ಬರು ನನ್ನ ಮುಂದೆ ಹೇಳಿದಾಗ, ಆ ಕಾಗದದ ಪ್ರತಿಯಾದರೂ ಇದೆಯೇ ಎಂದು ಕೇಳಿದೆ. ಪ್ರತಿ ಕೊಟ್ಟಿರಲಿಲ್ಲ. ತಾವು ಬಯಸದೆ ಹೋದ ಕೆಲಸವನ್ನು ತಾವೇ ಬಿಟ್ಟಂತೆ ದಾಖಲಾಗಿರುವುದನ್ನು ಅವರು ಹೇಗೆ ಅಲ್ಲಗಳೆಯಬೇಕು? ಮಾಲೀಕರು ಕಾರಣ ನಮೂದಿಸಿದ ಕೂಡಲೇ ಅದು ಕಾರ್ಮಿಕಳ ಮೊಬೈಲಿಗೆ ತಿಳಿದು, ಒಪ್ಪಿಗೆಯಿಲ್ಲದಿದ್ದರೆ ಒಂದು ಒತ್ತಿನಲ್ಲಿ ಆಕ್ಷೇಪಣೆ ದಾಖಲಿಸುವ, ಆಕ್ಷೇಪಣೆ ಬಂದಾಗ ಸಾಬೀತುಪಡಿಸುವ ಹೊಣೆ ಮಾಲೀಕರ ಮೇಲೆ ಬೀಳುವ ವ್ಯವಸ್ಥೆ ಬರಬೇಕು. ಈ ಇಡೀ ಬರಹದಲ್ಲಿ ನಾನು ಒಂದೇ ಒಂದು ಸುಧಾರಣೆಯನ್ನು ಆರಿಸಬೇಕಾಗಿ ಬಂದರೆ ಇದನ್ನೇ ಆರಿಸುತ್ತೇನೆ.

ಇನ್ನೊಂದು ಸಂಗತಿ ಓದುಗರ ಗಮನಕ್ಕೆ ಬರಬೇಕು. ಈ ಯೋಜನೆ ಹುಟ್ಟಿದ ಕಾಲಕ್ಕೆ ಆಧಾರವಾಗಿದ್ದ 1948ರ ಇಎಸ್‌ಐ ಕಾಯ್ದೆಯ 46ನೇ ಕಲಂ ವಿಮಾದಾರರಿಗೆ ಸಲ್ಲಬೇಕಾದ ಸೌಲಭ್ಯಗಳನ್ನು ಹೆಸರಿಸಿ ಹೇಳಿತ್ತು: ಕಾಯಿಲೆ, ಹೆರಿಗೆ, ಅಂಗವಿಕಲತೆ, ಅವಲಂಬಿತರ ಸೌಲಭ್ಯ, ವೈದ್ಯಕೀಯ ಸೌಲಭ್ಯ, ಅಂತ್ಯಸಂಸ್ಕಾರದ ವೆಚ್ಚ. ನಿರುದ್ಯೋಗ ಆ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದಲೇ ಹೆರಿಗೆ ಸೌಲಭ್ಯಕ್ಕೆ ಇಲ್ಲದ ಮುಕ್ತಾಯದ ದಿನಾಂಕ ನಿರುದ್ಯೋಗ ಪರಿಹಾರಕ್ಕೆ ಇದೆ. ಆ ದಿನಾಂಕ ಹತ್ತಿರ ಬಂದಾಗಲೆಲ್ಲ ವಿಸ್ತರಣೆಯ ಆದೇಶಕ್ಕಾಗಿ ಕಾಯಬೇಕಾಗುತ್ತದೆ. ವಂತಿಗೆ ಕಟ್ಟುವುದು ಕಡ್ಡಾಯವಾಗಿದ್ದು ಪರಿಹಾರ ಮಾತ್ರ ತಾತ್ಕಾಲಿಕ ಯೋಜನೆಯಾಗಿ ಉಳಿದಿರುವುದು ಸರಿಯಲ್ಲ. ಹಕ್ಕೆಂದು ಬರೆಯದ ಸೌಲಭ್ಯಕ್ಕೆ ಉತ್ತರದಾಯಿತ್ವವನ್ನು ಕೇಳುವುದು ಬಹಳ ಕಷ್ಟ.

ಕಾನೂನಿನಲ್ಲಿ ಬರೆದರೂ ಸಾಲದು ಎಂಬುದಕ್ಕೆ ನಮ್ಮ ಹಳ್ಳಿಗಳಲ್ಲೇ ನಿದರ್ಶನವಿದೆ. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸ ಕೇಳಿದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದಿತು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧ ಭಾಗಕ್ಕೆ ಕಡಿಮೆಯಿಲ್ಲದಂತೆ. ಬರವಣಿಗೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಹಕ್ಕು ಇನ್ನೊಂದಿರಲಾರದು. ಆದರೆ ಭತ್ಯೆಯ ಗಡುವು ಎಣಿಕೆಯಾಗುವುದು ಅರ್ಜಿ ಸ್ವೀಕರಿಸಿದ ದಿನದಿಂದ. ಪಂಚಾಯಿತಿಯಲ್ಲಿ ದಿನಾಂಕ ನಮೂದಿಸಿದ ರಸೀದಿ ಕೊಡದಿದ್ದರೆ ಗಡುವೇ ಆರಂಭವಾಗುವುದಿಲ್ಲ. ರಸೀದಿಯ ಜಾಗದಲ್ಲಿ ಹಕ್ಕು ನಿಂತುಹೋಯಿತು. ನಗರದ ಯೋಜನೆಗಳನ್ನು ನೋಡುವಾಗಲೂ ನಾನು ಮೊದಲು ರಸೀದಿಯನ್ನೇ ಹುಡುಕುವುದು ಇದಕ್ಕಾಗಿ.

ರಸೀದಿಯ ಮಟ್ಟಿಗೆ ಕರ್ನಾಟಕಕ್ಕೆ ಒಳ್ಳೆಯ ಪರಂಪರೆಯಿದೆ. ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕಿದ 2011ರ ಕಾಯ್ದೆಯಂತೆ 2012ರ ಏಪ್ರಿಲ್‌ನಿಂದ ರಾಜ್ಯವ್ಯಾಪಿಯಾದ ‘ಸಕಾಲ’ ಯೋಜನೆಯಲ್ಲಿ ಪ್ರತಿ ಅರ್ಜಿಗೂ 15 ಅಂಕಿಯ ಸಂಖ್ಯೆ ಕೊಡಲಾಗುತ್ತದೆ, ಸೇವೆಗೆ ಇಷ್ಟು ದಿನ ಎಂದು ಗೊತ್ತುಮಾಡಲಾಗುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು, ಮೇಲ್ಮನವಿಯನ್ನು ಯಾರ ಮುಂದೆ ಹಾಕಬೇಕೆಂಬುದೂ ಮೊದಲೇ ಗೊತ್ತಿರುತ್ತದೆ. ಇಪ್ಪತ್ತು ರೂಪಾಯಿ ದೊಡ್ಡ ಹಣವಲ್ಲ. ಆದರೆ ತಡಕ್ಕೆ ಬೆಲೆ ಕಟ್ಟಿ, ಆ ಬೆಲೆಯನ್ನು ಅಧಿಕಾರಿಯ ಹೆಸರಿಗೆ ಬರೆಯುವುದೇ ದೊಡ್ಡ ಹೆಜ್ಜೆ. ಯುವನಿಧಿಯ ಅರ್ಜಿ, ಪರಿಶೀಲನೆ, ತಿಂಗಳ ಪಾವತಿ, ತಿರಸ್ಕಾರ, ಈ ನಾಲ್ಕೂ ಹಂತಗಳು ಇದೇ ಶಿಸ್ತಿಗೆ ಒಳಪಡಬೇಕು. ರಾಜ್ಯ ಸರ್ಕಾರ ಖಾಸಗಿ ಕಂಪನಿಗಳಿಂದ ಇಂಥ ಶಿಸ್ತನ್ನು ಈಗಾಗಲೇ ನಿರೀಕ್ಷಿಸುತ್ತಿದೆ: 2025ರ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಆ್ಯಪ್ ಕಂಪನಿಯವರು ಒಬ್ಬ ಡೆಲಿವರಿ ಹುಡುಗನನ್ನು ಕೆಲಸದಿಂದ ತೆಗೆಯಬೇಕಾದರೆ 14 ದಿನಗಳ ಮುನ್ಸೂಚನೆಯನ್ನೂ ಲಿಖಿತ ಕಾರಣವನ್ನೂ ಕೊಡಬೇಕು. ಕಂಪನಿಗೆ ವಿಧಿಸಿದ ಈ ಕರ್ತವ್ಯವನ್ನು, ಭತ್ಯೆ ನಿಲ್ಲಿಸುವ ತನ್ನ ಇಲಾಖೆಗೂ ಸರ್ಕಾರ ವಿಧಿಸಿಕೊಳ್ಳುವುದು ಸಹಜ ನ್ಯಾಯ.

ಎರಡೂ ಯೋಜನೆಗಳಿಂದ ಹೊರಗುಳಿದವರ ಬಗ್ಗೆ ಒಂದು ಮಾತು. 21,000 ರೂಪಾಯಿಗಿಂತ ಹೆಚ್ಚು ಸಂಬಳವಿದ್ದು ಕೆಲಸ ಕಳೆದುಕೊಂಡ ಐಟಿ ಉದ್ಯೋಗಿಗೆ, ಮನೆಗೆಲಸದ ಹೆಂಗಸಿಗೆ, ಹತ್ತಕ್ಕಿಂತ ಕಡಿಮೆ ಜನರಿರುವ ವರ್ಕ್‌ಶಾಪ್‌ನ ಹುಡುಗನಿಗೆ ಈ ನಗರದಲ್ಲಿ ನಿರುದ್ಯೋಗ ಪರಿಹಾರವೆಂಬುದೇ ಇಲ್ಲ. ಅದು ಬೇರೆಯೇ ಬರಹದ ವಿಷಯ.

ನನ್ನ ತೀರ್ಪು ಹೀಗಿದೆ. ಅರ್ಹರಿರುವವರು ಎರಡನ್ನೂ ಬಳಸಿಕೊಳ್ಳಲೇಬೇಕು. ಯುವನಿಧಿ ಅರ್ಜಿ ಹಾಕಲು ಸುಲಭ, ಭಾಷೆ ನಮ್ಮದು, ಮೊತ್ತ ಸಣ್ಣದಾದರೂ ಗೌರವದ್ದು. ಹಣ ನಿಂತಾಗ ಕಾರಣ ಹೇಳುವ ಹೊಣೆಯನ್ನು ಅದು ಇನ್ನೂ ಹೊರಬೇಕಾಗಿದೆ. ಇಎಸ್‌ಐ ಪರಿಹಾರ ತಿಂಗಳ ಮೊತ್ತದಲ್ಲಿ ಮೇಲು, 2020ರ ನಂತರ ನಿಯಮದಲ್ಲೂ ಮೇಲು. ಆದರೆ ಮಾಲೀಕರು ಬರೆದ ಒಂದು ಸಾಲಿಗೆ ಕಾರ್ಮಿಕರ ಮಾತಿಗಿಂತ ಹೆಚ್ಚು ತೂಕ ಇರುವವರೆಗೆ ನಾನು ಅದನ್ನು ಉತ್ತಮ ಸೇವೆ ಎನ್ನಲಾರೆ. ಇಎಸ್‌ಐಗೆ ಅರ್ಜಿ ಹಾಕುವವರು, ಕೆಲಸ ಹೋಗುವ ಮೊದಲಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಬಿದ್ದಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲಾದರೂ 78 ದಿನ ಇರಬೇಕು. ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಪ್ರಸಂಗ ಬಂದರೆ, ಸಹಿಗೆ ಮುನ್ನ ಅದರ ಫೋಟೊವನ್ನಾದರೂ ತೆಗೆದಿಟ್ಟುಕೊಳ್ಳಬೇಕು.

ಅರ್ಜಿ ತಿರಸ್ಕೃತವಾಗಿ ಕಾರಣ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ನೆರವಿಗೆ ಬರುತ್ತದೆ. ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಒದಗಿಸಬೇಕೆಂದು ಅದರ ನಾಲ್ಕನೇ ಕಲಂ ಹೇಳುತ್ತದೆ, ಅಂದರೆ ಯಾರೂ ಕೇಳದಿದ್ದರೂ ಕೊಡಬೇಕಾದ ಮಾಹಿತಿ ಅದು. ಕೇಳಬೇಕಾಗಿ ಬಂದರೆ ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ ಗಡುವು. ರಾಜ್ಯದ ಕಚೇರಿಗಳಿಗೆ ಹಾಕುವ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಏಕೆ ತಿರಸ್ಕರಿಸಿದಿರಿ ಎಂದು ಬರೆದರೆ ಅದು ಮಾಹಿತಿಯಲ್ಲ, ಪ್ರಶ್ನೆ ಎಂದು ತಳ್ಳಿಹಾಕಲು ಅವಕಾಶವಾಗುತ್ತದೆ. ಅದರ ಬದಲು ಅರ್ಜಿಯ ಸಂಖ್ಯೆ ಬರೆದು, ತಿರಸ್ಕಾರದ ಆದೇಶದ ದೃಢೀಕೃತ ಪ್ರತಿ, ಆ ಕಡತದ ಟಿಪ್ಪಣಿ ಹಾಳೆಗಳು ಮತ್ತು ನಿರ್ಧಾರ ಕೈಗೊಂಡ ಅಧಿಕಾರಿಯ ಪದನಾಮ, ಇವಿಷ್ಟನ್ನು ಕೇಳಿ. ಉತ್ತರ ಬಾರದಿದ್ದರೆ, ಗಡುವು ಮುಗಿದ ದಿನದಿಂದ 30 ದಿನದೊಳಗೆ ಅದೇ ಇಲಾಖೆಯ ಹಿರಿಯ ಅಧಿಕಾರಿಯ ಮುಂದೆ ಮೊದಲ ಮೇಲ್ಮನವಿ ಹಾಕಬಹುದು.